ಕಾಜಾ ಅತ್ತೆಯ ಕಣಗಿಲೆ

ನನ್ನ ಮಾವನ ಅಕ್ಕನನ್ನು ಬೀದಿಯವರೆಲ್ಲ ಕರೆಯುವುದು ಕಾಜಾ ಅತ್ತೆ ಎಂದು. ಟೈಲರ್ ಅಂಗಡಿಯ ಅಂಗಿಗಳಿಗೆ ಗುಂಡಿ ತೂರಿಸುವ ಕಾಜಾ ಹೊಲಿದು, ಗುಂಡಿ ಹಚ್ಚುವುದು ಅವರ ಕೆಲಸ. ಹೊಲಿದೂ ಹೊಲಿದೂ ಬಲಗೈ ಹೆಬ್ಬೆರಳು ಮಡಚಿಕೊಂಡೇ ನಿಂತುಬಿಟ್ಟಿದೆ. ಸೂಜಿ ಹಿಡಿಯುತ್ತದೆ, ಬೇರೇನನ್ನೂ ಹಿಡಿಯದು. ಗಂಡ ಸತ್ತ ಮೇಲೆ ತಮ್ಮನ ಮನೆ ಸೇರಿದವರು. ತಾಯಿಯಿಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವರೂ ಅವರೇ. ಮಾವ ಅದೊಂದನ್ನು ಇವತ್ತಿಗೂ ಕ್ಷಮಿಸಿಲ್ಲ.

ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಮೂಲೆಯನ್ನು ಮಾವ ಅವರಿಗೆ ಬಿಟ್ಟುಕೊಟ್ಟಿದ್ದರು, ಅಲ್ಲಿ ಏನೂ ಬೆಳೆಯುವುದಿಲ್ಲವೆಂದು. ಅತ್ತೆ ಬಾಟಲಿ ನೀರಿನಲ್ಲಿ ಕಣಗಿಲೆಯ ಕಡ್ಡಿಯೊಂದಕ್ಕೆ ಬೇರು ಬರಿಸಿ ನೆಟ್ಟರು. ಎಲೆಯಡಿಯ ಹಳದಿ ಹೇನನ್ನು ಸೋಪು ನೀರಿನ ಬಟ್ಟೆಯಲ್ಲಿ ಒರೆಸಿ ಒರೆಸಿ ಸಾಕಿದರು. ನಾನು ಮದುವೆಯಾಗಿ ಬರುವಷ್ಟರಲ್ಲಿ ಅದು ಗೋಡೆಯೆತ್ತರ ನಿಂತು ಮೈತುಂಬ ಗುಲಾಬಿ ಬಣ್ಣದ ಹೂ ಬಿಟ್ಟಿತ್ತು.

ಹೂವಿನ ಕಾಲ ಮುಗಿಯುತ್ತಿದ್ದಂತೆ ಅಕ್ಕ ತಮ್ಮನಿಗೆ ಜಗಳ ಹತ್ತಿತು. ಮಾವನ ಹೊಸ ಅಂಗಿಗೆ ಅತ್ತೆ ಕಾಜಾ ಇಲ್ಲದ ಕಡೆ ಗುಂಡಿ ಹಚ್ಚಿದ್ದರು. ಮಾವ ಮಚ್ಚು ತಂದು ಗಿಡವನ್ನು ಮೊಣಕಾಲೆತ್ತರಕ್ಕೆ ಕಡಿದುಹಾಕಿದರು. ಅತ್ತೆ ಎದೆ ಬಡಿದುಕೊಂಡು ಅತ್ತರು. ಮಾವ ಅದನ್ನು ಕೊನೆಯವರೆಗೂ ನಿಂತು ಕೇಳಿ, ಹಗುರಾಗಿ ಒಳಗೆ ಹೋದರು.

ನಾನು ನೀರು ಹಿಡಿದುಕೊಂಡು ಓಡಿದೆ.

“ನೀನ್ಯಾಕೇ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ?” ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಹೂ ಮುಗಿದ್ಮೇಲೆ ಕಡಿದ್ರೇನೇ ಕಣಗಿಲೆ ಕವಲೊಡೆಯೋದು. ನನ್ನ ಕೈಲಿ ಮಚ್ಚು ಹಿಡಿಯೋಕಾಗುತ್ತಾ? ಕೇಳಿದ್ರೆ ಅವ್ನು ಕಡೀತಾನಾ? ಅದಕ್ಕೇ ಪ್ರತಿ ವರ್ಷ ಏನಾದ್ರೂ ಜಗಳ ತೆಗೀತೀನಿ, ಈ ಸಲ ಗುಂಡಿ ಅಡ್ಡಾದಿಡ್ಡಿ ಹಚ್ಚಿದೆ. ಅಳು ಹೇಗಿತ್ತು?”

“ಕೊನೇ ಮನೆಯೋರಿಗೂ ಕೇಳಿಸ್ತು.”

“ಹಾಗಾದ್ರೆ ಈ ವರ್ಷ ಹೂ ಜಾಸ್ತಿ.”

ಆಮೇಲೆ ನನ್ನ ಮಗಳು ಪುಟ್ಟಿ ಹುಟ್ಟಿದಳು. ಅಂಬೆಗಾಲಿಡುವುದನ್ನು ಕಲಿತ ವಾರವೇ ಅವಳ ಬಾಯಲ್ಲಿ ಕಣಗಿಲೆ ಎಲೆ ಸಿಕ್ಕಿತು. ಕಚ್ಚಿರಲಿಲ್ಲ. ಬೆರಳು ಹಾಕಿ ತೆಗೆದೆ, ಬಾಯಿ ತೊಳೆದೆ, ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ಎಲೆ, ಹೂ, ಹಾಲು ಎಲ್ಲವೂ ವಿಷ ಎಂದರು. ಲಾರಿ ಓಡಿಸುವ ನನ್ನ ಗಂಡ ಮನೆಯಲ್ಲಿರುವುದೇ ಅಪರೂಪ. ನಾನೇ ಹಾರೆ ಹಿಡಿದು ಹಿತ್ತಲಿಗಿಳಿದೆ. ಮಾವ ಅದನ್ನು ಕಿತ್ತುಕೊಂಡರು.

“ಇರ್ಲಿ ಬಿಡಮ್ಮ. ಅದನ್ನೂ ಕಿತ್ತುಹಾಕಿದ್ರೆ ಅವಳನ್ನ ಅಳಿಸೋಕೆ ನನ್ನ ಹತ್ರ ಇನ್ನೇನಿರುತ್ತೆ? ಮಗೂನ ನೀನು ನೋಡ್ಕೋ.”

ಒಳಗೆ ಸೂಜಿಗೆ ದಾರ ಪೋಣಿಸುತ್ತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತ್ತು. ಸಂಜೆ ಪುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ತಮ್ಮನೆದುರು ಬಂದು ನಿಂತರು.

“ತಮ್ಮಾ, ನಿನ್ನ ಕೈಗುಣಾನೇ ಕೈಗುಣ ಕಣೋ. ನೀನು ಕಡಿದಷ್ಟೂ ಹೂ ಹೆಚ್ಚಾಗ್ತಾ ಬಂತು. ನಾನೊಬ್ಬಳು ಪೆದ್ದಿ, ಇಷ್ಟು ವರ್ಷ ಸುಮ್ನೆ ಗೋಳಾಡಿದೆ. ಈ ಸಲ ಇನ್ನೊಂಚೂರು ಕೆಳಗೆ ಕಡಿ, ಪುಣ್ಯ ಬರುತ್ತೆ.”

ಮಾವನ ಮುಖ ಕಪ್ಪಿಟ್ಟಿತು. ಹಾರೆ ಹಿಡಿದು ಹೊರಟವರು ಕತ್ತಲಾಗುವವರೆಗೂ ಅಗೆದರು. ಗೋಡೆಯಡಿ ನುಸುಳಿದ್ದ ಬೇರನ್ನೂ ಬಿಡದೆ ಎಳೆದು ಹಾಕಿ, ಬೆವರೊರೆಸಿಕೊಂಡು ಅಕ್ಕನ ಕಡೆ ತಿರುಗಿದರು.

ಅಲ್ಲೇ ಅತ್ತೆ ತಪ್ಪಿದ್ದು. ಎಂದಿನಂತೆ ಎದೆ ಬಡಿದುಕೊಂಡಿದ್ದರೆ ಮಾವ ಹಗುರಾಗಿ ಒಳಗೆ ಹೋಗುತ್ತಿದ್ದರು. ಈ ಸಲ ನೋವು ನಿಜವಾದದ್ದು, ಅಳಬೇಕೆಂಬುದೇ ಅವರಿಗೆ ಮರೆತುಹೋಯಿತು. ಎಲೆಯ ಚೂರು ಸಿಡಿಯದಿರಲೆಂದು ಪುಟ್ಟಿಯ ಬಾಯಿಗೆ ಅಂಗೈ ಅಡ್ಡ ಹಿಡಿದು ಸುಮ್ಮನೆ ನಿಂತಿದ್ದರು. ಮಾವ ಅವರ ಒಣ ಕಣ್ಣು ನೋಡಿದರು. ಆಮೇಲೆ ಆ ಅಂಗೈ ನೋಡಿದರು.

“ಓಹೋ,” ಎಂದರು. “ಇನ್ಮೇಲೆ ಮಗೂನ ಇವಳ ಕೈಗೆ ಕೊಡಕೂಡ್ದು.”

ಅತ್ತೆ ಎಚ್ಚೆತ್ತವರಂತೆ ಪುಟ್ಟಿಯನ್ನು ನನ್ನ ತೋಳಿಗೆ ತುರುಕಿದರು. “ಅಬ್ಬಾ, ಬದುಕ್ಕೊಂಡೆ! ತಗೊಳ್ಳೇ ನಿನ್ನ ಪೀಡೇನ. ದಿನವಿಡೀ ಮೈಮೇಲೆ ಬಿದ್ದು ಒಂದು ಕಾಜಾ ಹೊಲಿಯೋಕೂ ಬಿಡಲ್ಲ.”

“ಹೌದಾ?” ಮಾವ ನಕ್ಕರು. ಮಗುವನ್ನು ನನ್ನಿಂದ ಎತ್ತಿ ಮತ್ತೆ ಅವರ ಸೊಂಟಕ್ಕೆ ಕೂರಿಸಿದರು. “ಹಾಗಾದ್ರೆ ದಿನಾ ನೀನೇ ನೋಡ್ಕೋ.”

ನಾನು ಉದುರಿದ ಎಲೆಗಳನ್ನೆಲ್ಲ ಆರಿಸಿ ಚೀಲಕ್ಕೆ ತುಂಬಿದೆ. ಸುಟ್ಟರೆ ಹೊಗೆಯೂ ವಿಷವಂತೆ. ಹಳ್ಳಕ್ಕೆ ಇಟ್ಟಿಗೆ ಚೂರು ಸುರಿದು ತುಳಿದೆ.

ಅಂದಿನಿಂದ ಬೆಳಿಗ್ಗೆ ಮಾವನೇ ಪುಟ್ಟಿಯನ್ನು ತಂದು ಅತ್ತೆಯ ಮಡಿಲಿಗೆ ಹಾಕುತ್ತಾರೆ. ಅವರು ಬಾಗಿಲಲ್ಲಿ ನಿಂತಿರುವಷ್ಟು ಹೊತ್ತೂ ಅತ್ತೆ “ಪೀಡೆ, ಮೂದೇವಿ, ತೊಲಗು” ಎಂದು ಗದರುತ್ತಾರೆ, ಹೋದೊಡನೆ ಮಗುವಿನ ಪಾದಗಳನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಯಾರು ಬಾಗಿಲಲ್ಲಿದ್ದಾರೆಂದು ಲೆಕ್ಕ ಹಾಕುವ ವಯಸ್ಸು ಪುಟ್ಟಿಯದಲ್ಲ. ಇವತ್ತು ಆ ಮಡಿಲು ಕಂಡದ್ದೇ ತಡ, ಮಾವನ ಕೊರಳು ತಬ್ಬಿಕೊಂಡು ಕಿರುಚಿ ಅತ್ತಳು. ಮಾವನಿಗೆ ಎಲ್ಲಿಲ್ಲದ ಖುಷಿ. ಒಳಗೆ ಹೋಗದೆ, ಅವಳನ್ನು ಎತ್ತಿಕೊಂಡೇ ಬಾಗಿಲಲ್ಲಿ ನಿಂತರು. ಅತ್ತೆ ಎರಡೂ ಕೈ ಚಾಚಿದರು. ಮಾವ ನೋಡುತ್ತಿದ್ದರಲ್ಲ, ಬೈಯುತ್ತಲೇ ಚಾಚಿದರು.