ಚಿಪ್ ಬಂದಾಗ ಲ್ಯಾಬಿನಲ್ಲಿ ಯಾರೂ ಇರಲಿಲ್ಲ

ಕಿವಿ ಮಂದವಾದವರ ಶ್ರವಣಯಂತ್ರಕ್ಕೆಂದೇ ಒಂದು ಚಿಪ್ ಮಾಡಿಕೊಡುವ ಕೆಲಸ ಫಳ್ನೀರಿನ ನಮ್ಮ ಸಣ್ಣ ಆಫೀಸಿಗೆ ಬಂದಿತ್ತು. ಆ ಕೆಲಸದ ಮ್ಯಾನೇಜರ್ ನಾನು. ಎರಡು ವರ್ಷ ಆಫೀಸಿನ ಲ್ಯಾಬಿನಲ್ಲಿ ಜಗಳ, ನಗು, ಗೋಳಿಬಜೆ ಎಲ್ಲವೂ ಇದ್ದವು. ವಿನ್ಯಾಸ ಮುಗಿದು ಹೊರದೇಶದ ಫ್ಯಾಕ್ಟರಿಗೆ ಹೋದ ಮರುವಾರವೇ ಕಂಪನಿ ನನ್ನ ತಂಡದವರನ್ನೆಲ್ಲ ಹೈದರಾಬಾದಿನ ಬೇರೆ ಪ್ರಾಜೆಕ್ಟಿಗೆ ಕಳಿಸಿತು. ಚಿಪ್ ತಯಾರಾಗಿ ಬರಲು ತಿಂಗಳುಗಟ್ಟಲೆ ಬೇಕು. ಕಾಯುವ ಕೆಲಸಕ್ಕೆ ಒಬ್ಬಳು ಸಾಕಿತ್ತು.

ಕಾದೆ. ಬೆಳಿಗ್ಗೆ ಅಭ್ಯಾಸಬಲದಿಂದ ಎಲ್ಲ ದೀಪ ಹಾಕಿ, ಆಮೇಲೆ ನನ್ನ ಮೇಜಿನದ್ದೊಂದನ್ನು ಬಿಟ್ಟು ಉಳಿದವನ್ನು ಆರಿಸುತ್ತಿದ್ದೆ. ಗ್ರಾಹಕರ ಫೋನಿಗೆ "ಇನ್ನೂ ಬಂದಿಲ್ಲ" ಎಂದರೆ ದಿನದ ಮಾತು ಮುಗಿಯಿತು. ಊಟದ ಡಬ್ಬಿ ಬಿಚ್ಚುವಾಗ ಮಾತ್ರ ಕಿಟಕಿ ತೆರೆಯುತ್ತಿದ್ದೆ, ಕೆಳಗೆ ರಿಕ್ಷಾದವರು ಜಗಳವಾಡುವುದಾದರೂ ಕೇಳಲಿ ಎಂದು.

ಒಂದು ಮಧ್ಯಾಹ್ನ ಕೊರಿಯರಿನಲ್ಲಿ ಚಿಪ್ ಬಂತು. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಪರೀಕ್ಷೆಯ ಬೋರ್ಡಿನಲ್ಲಿ ಕೂರಿಸಿ ಕರೆಂಟ್ ಕೊಟ್ಟೆ. ಸುಡಲಿಲ್ಲ. ಮೈಕಿನ ಮುಂದೆ ಚಪ್ಪಾಳೆ ತಟ್ಟಿದೆ. ಪರದೆಯ ಮೇಲೆ ಗೆರೆ ಎದ್ದು ಕುಣಿಯಿತು. ಖುಷಿಯಿಂದ ತಿರುಗಿ ನೋಡಿದೆ. ಹಿಂದೆ ಕುರ್ಚಿಗಳಿದ್ದವು.

ವಿನ್ಯಾಸದ ಮುಖ್ಯಸ್ಥರಾಗಿದ್ದವರಿಗೆ ಹೈದರಾಬಾದಿಗೆ ಫೋನ್ ಮಾಡಿ, ಚಿಪ್ ಬಂತು, ಕೆಲಸ ಮಾಡ್ತಿದೆ ಎಂದೆ.

"ಎಷ್ಟು ಕರೆಂಟ್ ಎಳೀತದೆ ಮೇಡಂ?"

"ನೀವು ಹೇಳಿದಷ್ಟೇ."

"ಇಲ್ಲಿ ಮೀಟಿಂಗ್ ಉಂಟು. ಆಮೇಲೆ ಮಾಡ್ತೇನೆ," ಎಂದರು. ಆ ದಿನ ಮಾಡಲಿಲ್ಲ.

ಮುಂದಿನ ತಿಂಗಳು ಇಲ್ಲೇ ಕಾವೂರಿನ ತಮ್ಮ ಮನೆಗೆ ರಜೆಯಲ್ಲಿ ಬಂದ ಅವರು, ಮೀನು ತರುತ್ತೇನೆಂದು ಹೆಂಡತಿಗೆ ಹೇಳಿ, ಭಾನುವಾರ ಸೀದಾ ಆಫೀಸಿಗೆ ಬಂದರು. ಉದ್ದ ವಯರಿನ ಹೆಡ್‌ಫೋನನ್ನು ಬೋರ್ಡಿಗೆ ಸಿಕ್ಕಿಸಿಕೊಂಡು ಬಾಗಿಲಾಚೆ ಹೋಗಿ ನಿಂತರು.

"ಮೈಕಿನಲ್ಲಿ ಮಾತಾಡಿ ಮೇಡಂ."

"ಎಂತ ಮಾತಾಡುವುದು?"

"ಎಂತದಾದ್ರೂ. ಮೆಲ್ಲ ಮಾತಾಡಿ. ಜೋರಾದ್ರೆ ಇದು ಇಲ್ಲದೆಯೂ ಕೇಳ್ತದೆ ಮಾರಾಯ್ರೆ."

ಮೆಲ್ಲ ಮಾತಾಡುವ ಪ್ರಸಂಗವೇ ಎಷ್ಟೋ ದಿನದಿಂದ ಬಂದಿರಲಿಲ್ಲ. ಎಸಿ ಸರಿ ಇಲ್ಲ ಎಂದೆ. ಮೆಟ್ಟಿಲಿಗೆ ಹೊಸ ಬಣ್ಣ ಹೊಡೆದಿದ್ದಾರೆ ಎಂದೆ. ಆಮೇಲೆ, ನನಗೇ ಕೇಳಿಸದಷ್ಟು ಮೆಲ್ಲಗೆ, ಚಿಪ್ ಬಂದ ದಿನ ನೀವೆಲ್ಲ ಇರಬೇಕಿತ್ತು ಎಂದೆ.

ಅವರು ಕೂಡಲೇ ಒಳಗೆ ಬರಲಿಲ್ಲ. ಬಂದಾಗ ಹೆಡ್‌ಫೋನ್ ತೆಗೆದಿಡುತ್ತಾ, "ಕೇಳ್ತದೆ ಮೇಡಂ. ಎಲ್ಲ ಕೇಳ್ತದೆ," ಎಂದರಷ್ಟೆ.

ಲಿಫ್ಟಿನವರೆಗೆ ಹೋಗಿ ಅವರನ್ನು ಕಳಿಸಿ ಬಂದೆ. ಆ ವಾರವೇ ಗ್ರಾಹಕರು ಚಿಪ್ಪನ್ನು ಒಪ್ಪಿಕೊಂಡರು. ನನ್ನನ್ನೂ ಬೇರೆ ಪ್ರಾಜೆಕ್ಟಿಗೆ ಹಾಕಿದರು. ಅದರ ತಂಡದವರೆಲ್ಲ ಬೇರೆ ಬೇರೆ ಊರಿನವರು. ಒಬ್ಬರನ್ನೂ ನಾನಿನ್ನೂ ಮುಖಾಮುಖಿ ಕಂಡಿಲ್ಲ.