ಬಳೆಯಿಲ್ಲದ ಸಪ್ಪಳ

ಟಿವಿಯಲ್ಲಿ ನಮ್ಮ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಎರಡೂ ಕೈಗೆ ಆರಾರು ಹಸಿರು ಗಾಜಿನ ಬಳೆ. ಪಕ್ಕದಲ್ಲೇ ಕುಳಿತಿದ್ದ ನಿಜವಾದ ಚಿಗವ್ವ ಬಾಯಿಗೆ ಸೆರಗು ಹಿಡಿದು ತನ್ನನ್ನು ತಾನೇ ನೋಡುತ್ತಿದ್ದಳು. ಆಗ ಗೋಡೆಗೆ ಒರಗಿ ಕೂತಿದ್ದ ಪಕ್ಕದ ಮನೆಯ ಅಜ್ಜಿ ಕೇಳಿದಳು:

"ಇದ್ಯಾರು ರೊಟ್ಟಿ ಬಡ್ಯಾಕತ್ತಿದ್ದು?"

"ನಾನಽ ಬೇ. ಟಿವ್ಯಾಗ ನಾನಽ ಅದೀನಿ."

"ನೀ ಇರಬಹುದು. ಸಪ್ಪಳ ನಿಂದಲ್ಲ."

ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ. ಅವಳು ಟಿವಿಯನ್ನು ನೋಡುವುದಿಲ್ಲ, ಕೇಳುತ್ತಾಳೆ. ನಾನು ನಕ್ಕೆ. "ಅಜ್ಜಿ, ಎಲ್ಲಾರ ರೊಟ್ಟಿ ಸಪ್ಪಳಾನೂ ಒಂದಽ ಇರತೈತಿ."

"ಯಾಕ, ಎಲ್ಲಾರ ಕೆಮ್ಮು ಒಂದಽ ಇರತೈತೇನ? ಈಕಿ ಮದುವ್ಯಾಗಿ ಬಂದಾಗಿಂದ ಗೋಡಿ ಆಚಿಂದ ಕೇಳೇನಿ. ಈಕಿ ಬಳಿ ಎಲ್ಲಿ ಹೋದ್ವು? ಬಳಿ ಮಾತಾಡವಲ್ಲವು ನೋಡು."

ನಾವು ಮೂವರೂ ಕಿವಿಗೊಟ್ಟು ಕೇಳಿದೆವು. ಪರದೆಯ ಮೇಲೆ ಬಳೆಗಳು ಮೊಣಕೈ ಕಡೆ ಜಾರುತ್ತಿದ್ದವು, ಮರಳಿ ಮಣಿಕಟ್ಟಿಗೆ ಬರುತ್ತಿದ್ದವು. ಸದ್ದು ಮಾತ್ರ ಬರೀ ಹಿಟ್ಟಿನದು. ತಪ್ ತಪ್ ತಪ್, ಎಲ್ಲೂ ತಡೆಯದೆ.

ಹಿಂದಿನ ವರ್ಷ ಒಂದು ಟಿವಿ ತಂಡ ನಮ್ಮ ಕಡೆಗೆ ಬಂದಿತ್ತು. ಊಟ, ಉಡುಗೆ, ಮನೆ ಇಂಥವನ್ನು ತೋರಿಸುವ ವಾರದ ಕಾರ್ಯಕ್ರಮ. ಆ ವಾರದ ವಿಷಯ ಜೋಳದ ರೊಟ್ಟಿ. ನಾಲ್ಕು ದಿನ, ನಾಲ್ಕು ಊರು: ಕಿತ್ತೂರು, ಸವದತ್ತಿ, ರಾಮದುರ್ಗ, ಕೊನೆಗೆ ಬೈಲಹೊಂಗಲದ ನಮ್ಮ ಮನೆ. ಪ್ರತಿಯೊಂದು ಚಿತ್ರೀಕರಣದ ವೇಳೆ, ಜಾಗ, ಎಷ್ಟನೇ ಸಲ ತೆಗೆದದ್ದು ಎಂದು ಬರೆದುಕೊಳ್ಳಲು ಅವರಿಗೆ ಒಬ್ಬರು ಬೇಕಿತ್ತು. ನಾನು ಒಂಬತ್ತನೇ ಇಯತ್ತೆಯಿಂದ ಡೈರಿ ಬರೆಯುವವಳು. ಎಡಪುಟದಲ್ಲಿ ನಡೆದದ್ದು, ಬಲಪುಟದಲ್ಲಿ ಲೆಕ್ಕ: ಮಳೆ ಬಂದ ದಿನ, ತಪ್ಪಿದ ಬಸ್ಸು, ಕರೆಂಟು ಹೋದ ಸಲ. ಆ ಕೆಲಸ ನನಗೇ ಬಂತು.

ಕಾರ್ಯಕ್ರಮ ಮೊದಲು ಪ್ರಸಾರವಾದ ದಿನ ಓಣಿಯ ಮಂದಿಯೆಲ್ಲ ನಮ್ಮ ಪಡಸಾಲೆಯಲ್ಲಿದ್ದರು. ಆ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಈಗ ವಾಹಿನಿಯವರು ಮತ್ತೆ ಹಾಕಿದ್ದು ಏಕೆಂದರೆ ಅದಕ್ಕೊಂದು ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂದಿತ್ತು. ಸಿನಿಮಾಗಳ ಜೊತೆಗೆ ಟಿವಿಗೂ ಅಲ್ಲೊಂದು ವಿಭಾಗವಿತ್ತಂತೆ: ಅತ್ಯುತ್ತಮ ಜೀವನಶೈಲಿ ಕಾರ್ಯಕ್ರಮ.

"ಜೀವನಶೈಲಿ ಅಂದ್ರೇನ?" ಎಂದು ಚಿಗವ್ವ ಪ್ರಶಸ್ತಿಯ ಸುದ್ದಿ ಬಂದ ದಿನವೇ ಕೇಳಿದ್ದಳು.

"ಬದುಕೋ ರೀತಿ."

"ಅದಕ್ಕೂ ಬಹುಮಾನ ಕೊಡ್ತಾರ? ಹಂಗಾರ ನಿಮ್ಮ ಕಾಕಾಗ ಕೊಡಬೇಕಿತ್ತು. ಹತ್ತಕ್ಕ ಏಳತಾನ."

ತೀರ್ಪುಗಾರರು ರೊಟ್ಟಿ ಬಡಿಯುವ ಸದ್ದನ್ನೇ ವಿಶೇಷವಾಗಿ ಹೊಗಳಿದ್ದರು, ಅದರಲ್ಲಿ ತಾಯಿಯ ಕೈಯ ಲಯ ಕೇಳಿಸುತ್ತದೆ ಎಂದಿದ್ದರು ಎಂದು ತಂಡದವರು ಫೋನಿನಲ್ಲಿ ತಿಳಿಸಿದ್ದರು. ಆ ಸುದ್ದಿ ಊರಲ್ಲಿ ಹಬ್ಬಿ, ಮಹಿಳಾ ಸಂಘದವರು ಸನ್ಮಾನ ಇಟ್ಟುಕೊಂಡರು. ಮುಂದಿನ ರವಿವಾರ, ಸಮುದಾಯ ಭವನದಲ್ಲಿ. ವೇದಿಕೆಯ ಮೇಲೆ ಒಲೆ ಇಟ್ಟು, ರೊಟ್ಟಿ ಬಡಿಯುವ ಹಲಗೆಯ ಪಕ್ಕ ಮೈಕು ಇಟ್ಟು, ಅದೇ ಸದ್ದನ್ನು ಎಲ್ಲರಿಗೂ ಕೇಳಿಸಬೇಕೆಂದು ಅವರ ಆಸೆ.

ಅಜ್ಜಿ ಮನೆಗೆ ಹೋದ ಮೇಲೆ ಚಿಗವ್ವ ಎದ್ದು ಟಿವಿ ಆರಿಸಿದಳು. ಆಮೇಲೆ ಅಂದಳು: "ಮೈಕ್ ಮುಂದ ಬಡದ ಕೂಡಲೆ ಮಂದಿಗೆ ಗೊತ್ತಾಕ್ಕೈತಿ. ಗೊತ್ತಾಗದಿದ್ರೂ ನನಗ ಗೊತ್ತೈತಲ್ಲ. ಆ ಸಪ್ಪಳದಾಕಿ ಯಾರು ಅಂತ ಹುಡುಕು. ಸಿಗಲಿಲ್ಲಂದ್ರ ನನಗ ಶಾಲು ಬ್ಯಾಡ, ಹೇಳಿಬಿಡ್ತೇನಿ."

ತಂಡದವರಿಗೆ ಫೋನು ಮಾಡಿದೆ. "ನಿಮ್ಮ ಮನೆ ಪಕ್ಕ ಹಿಟ್ಟಿನ ಗಿರಣಿ ಓಡ್ತಿತ್ತಲ್ಲ, ಆ ಸದ್ದು ಬಳಸೋಕೆ ಆಗಲಿಲ್ಲ. ಬೇರೆ ಎಲ್ಲಿಂದಲೋ ಹಾಕಿದ್ದೀವಿ, ಎಲ್ಲಿಂದ ಅಂತ ನೆನಪಿಲ್ಲ," ಎಂದರು. ಅವರಿಗೆ ಅದೊಂದು ಸಣ್ಣ ಹೊಂದಾಣಿಕೆ. ನನಗೆ ಮಾತ್ರ ನಿದ್ದೆಗೆಡಿಸುವ ಲೆಕ್ಕ.

ಮರುದಿನ ಬೆಳಿಗ್ಗೆ ಚಿಗವ್ವನ ಹತ್ತು ರೊಟ್ಟಿಗಳ ಬಡಿತ ಎಣಿಸಿದೆ. ಕಡಿಮೆ ಅಂದರೆ ನಲವತ್ತೆರಡು, ಹೆಚ್ಚೆಂದರೆ ನಲವತ್ತನಾಲ್ಕು. ಪ್ರತಿ ರೊಟ್ಟಿಗೂ ನಡುವೆ ಒಮ್ಮೆ ನಿಲ್ಲುತ್ತಾಳೆ, ಒಂದು ಚಿಟಿಕೆ ಹಿಟ್ಟು ಉದುರಿಸುತ್ತಾಳೆ, ಮತ್ತೆ ಶುರು. ಟಿವಿಯ ರೊಟ್ಟಿಯನ್ನು ಮೊಬೈಲಿನಲ್ಲಿ ಐದು ಸಲ ಕೇಳಿದೆ: ಐವತ್ತೇಳು, ನಿಲುಗಡೆ ಇಲ್ಲ. ಅಜ್ಜಿ ಒಂದನ್ನೂ ಎಣಿಸದೆ ಹೇಳಿದ್ದು ಸರಿಯಾಗಿತ್ತು.

ಹಳೆಯ ಡೈರಿ ತೆಗೆದೆ. ಕಿತ್ತೂರಿನಲ್ಲಿ ತೆಗೆದದ್ದು ಹೊಲದಲ್ಲಿ ಬುತ್ತಿ ಬಿಚ್ಚುವುದನ್ನು ಮಾತ್ರ. ಅಲ್ಲಿ ರೊಟ್ಟಿ ಬಡಿದವರೇ ಇಲ್ಲ. ರಾಮದುರ್ಗದ ಮನೆಯಲ್ಲಿ ಒಲೆಯ ಮಗ್ಗುಲಲ್ಲೇ ಮಗ್ಗ. ಹನ್ನೊಂದು ಸಲ ತೆಗೆದರೂ ಹನ್ನೊಂದರಲ್ಲೂ ಮಗ್ಗದ ಸದ್ದು ಎಂದು ಬರೆದಿದ್ದೆ. ಸವದತ್ತಿಯ ಪುಟದಲ್ಲಿ ಹೀಗಿತ್ತು: "ಬಸ್ ನಿಲ್ದಾಣದ ಹತ್ತಿರದ ಖಾನಾವಳಿ. ಅಡುಗೆ ಕೋಣೆ ಕಿರಿದು. ಧ್ವನಿ ಮಾತ್ರ, ಬಾಗಿಲು ಹಾಕಿ. ಆರು ನಿಮಿಷ. ನಾನು ಹೊರಗೆ, ಮಂದಿ ತಡೆಯಲು."

ನಾನು ಹೊರಗೆ. ಹಾಗಾಗಿ ಒಳಗೆ ಬಡಿದವರು ಯಾರೆಂದು ನೋಡಿರಲಿಲ್ಲ. ಖಾನಾವಳಿಯನ್ನು ಎಲ್ಲರೂ ಚಾಚಾ, ಚಾಚಿ ಎಂದು ಕರೆಯುವ ಗಂಡ ಹೆಂಡತಿ ನಡೆಸುತ್ತಾರೆ, ಚಾಚಿಯೇ ಬಡಿದಿರಬೇಕು ಎಂದುಕೊಂಡೆ.

ಬುಧವಾರ ಚಿಗವ್ವನನ್ನು ಕರೆದುಕೊಂಡು ಸವದತ್ತಿಗೆ ಹೋದೆ. ಊಟದ ಗದ್ದಲ ಮುಗಿದಿತ್ತು. ಚಾಚಿ ಎಡಗೈಯಿಂದ ಮೇಜು ಒರೆಸುತ್ತಿದ್ದರು. ಮೊಬೈಲಿನಲ್ಲಿ ಸದ್ದು ಕೇಳಿಸಿ, "ಇದು ನಿಮ್ಮದಽ ಏನ್ರಿ ಚಾಚಿ?" ಎಂದೆ.

ಅವರು ಎರಡು ಗಳಿಗೆ ಕಿವಿಗೊಟ್ಟು, ಬಟ್ಟೆ ಬಿಸಾಕಿ, ಒಳಗೆ ಕೂಗಿದರು: "ಏನ್ರಿ, ಬರ್ರಿಲ್ಲೆ! ನಿಮ್ಮನ್ನ ಟಿವ್ಯಾಗ ಹಾಕ್ಯಾರ!"

ಒಳಗಿನಿಂದ ಚಾಚಾ ಬಂದರು. ಗಡ್ಡದ ತುದಿಯವರೆಗೂ ಹಿಟ್ಟು. ಮೊಬೈಲನ್ನು ಕಿವಿಗೆ ಹಿಡಿದು ತಲೆ ಆಡಿಸಿದರು. "ಖರೇ, ನಂದಽ. ಬಾಗಲಾ ಹಾಕ್ಕೊಂಡು, ಉಸರು ಬಿಡಬ್ಯಾಡ್ರಿ ಅಂದಿದ್ರು. ಉಸರು ಹಿಡದಽ ಬಡದೇನಿ."

ಚಾಚಿ ನಾಲ್ಕು ವರ್ಷದ ಹಿಂದೆ ಜಾರಿ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದರಂತೆ. ಅದು ಕೂಡಿದರೂ ಬಡಿಯುವ ಬಲ ಬರಲಿಲ್ಲ. ಟೆಂಪೊ ಓಡಿಸುತ್ತಿದ್ದ ಚಾಚಾ ಅಂದಿನಿಂದ ರೊಟ್ಟಿ ಕಲಿತರು.

"ತೀರ್ಪು ಕೊಟ್ಟವರು ತಾಯಿ ಕೈ ಅಂದಾರ್ರಿ, ಅಣ್ಣಾರ," ಎಂದಳು ಚಿಗವ್ವ.

ಚಾಚಾ ತಮ್ಮ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡರು. "ಸ್ಟೇರಿಂಗ್ ಹಿಡದ ಕೈರಿ ಇವು, ಅಕ್ಕಾರ."

"ತಾಯಿ ಆದ್ರಲ್ಲ, ಛಲೋ ಆತು," ಎಂದರು ಚಾಚಿ. "ನಾಳಿಂದ ಮಮ್ಮಕ್ಕಳ ಸಾಲಿ ಡಬ್ಬಿನೂ ನೀವಽ ಕಟ್ರಿ."

ಚಿಗವ್ವ ನಗಲಿಲ್ಲ. ಒಂದು ರೊಟ್ಟಿ ಬಡಿದು ತೋರಿಸಿ ಎಂದಳು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು, ಕಣ್ಣು ಮುಚ್ಚಿ ಕೇಳಿದಳು. ನಾನು ಎಣಿಸಿದೆ, ಐವತ್ತಾರು.

"ನಡುವ ನಿಂದ್ರಂಗಿಲ್ಲೇನ್ರಿ?"

"ನಿಂತ್ರ ನನಗ ಅಂಚು ಸೀಳತೈತ್ರಿ. ಹಿಟ್ಟು ತಣ್ಣಗಾಕ್ಕೈತಿ ಅಂತ ಹೆದರಿಕಿ. ನೀವು ನಿಂತೂ ಮಾಡ್ತೀರಿ ಅಂದ್ರ ನಿಮ್ಮ ಕೈ ಬ್ಯಾರೇನಽ ಇರಬೇಕು."

ಚಿಗವ್ವನ ಮುಖ ಅಲ್ಲಿ ಮೊದಲ ಸಲ ಸಡಿಲವಾಯಿತು. ರವಿವಾರ ವೇದಿಕೆಗೆ ಬನ್ನಿ ಎಂದು ಕರೆದಳು. ಅಂದು ಎಲ್ಲಮ್ಮನ ಗುಡ್ಡಕ್ಕೆ ಹೋಗುವವರೆಲ್ಲ ಇಲ್ಲೇ ಉಣ್ಣುತ್ತಾರೆ, ಬರಲಾಗದು ಎಂದರು ಚಾಚಾ. "ನೀವು ಹೇಳ್ರಿ, ಸಾಕು. ಗಂಡಸಿಂದು ಅಂತ ಮಾತ್ರ ಹೇಳಬ್ಯಾಡ್ರಿ, ಮಂದಿ ನಗತಾರ."

"ಅದನ್ನಽ ಮೊದಲು ಹೇಳ್ರಿ!" ಎಂದರು ಚಾಚಿ.

ರವಿವಾರ ಸಮುದಾಯ ಭವನದಲ್ಲಿ ಕುರ್ಚಿಗಳನ್ನು ಎಣಿಸುವುದನ್ನು ಮರೆತೆ, ಅಷ್ಟು ಅಳುಕಿತ್ತು. ಶಾಲು ತಟ್ಟೆಯಲ್ಲಿತ್ತು. ಅದನ್ನು ಹೊದಿಸಲು ಬಂದವರನ್ನು ಚಿಗವ್ವ ಕೈಯಲ್ಲೇ ತಡೆದು ಮೈಕು ಹಿಡಿದಳು.

"ಟಿವ್ಯಾಗ ಕೈ ನಂದು. ಸಪ್ಪಳ ನಂದಲ್ಲ. ಸವದತ್ತಿ ಖಾನಾವಳಿಯವರದು. ಅವರು ಗಂಡಸರು."

ಸಭೆಯೆಲ್ಲ ನಕ್ಕಿತು. ಚಿಗವ್ವ ಕಾದಳು. ನಗು ತಾನಾಗಿ ತಗ್ಗಿದ ಮೇಲೆ ಅಂದಳು: "ಬಹುಮಾನ ಬಂದದ್ದು ಅವರ ಸಪ್ಪಳಕ್ಕ. ನನ್ನದು ಹೆಂಗಿರತೈತಿ ಅಂತ ಈಗ ಕೇಳ್ರಿ. ಕೇಳಿದ ಮ್ಯಾಲೂ ಕೊಡಬೇಕನಿಸಿದ್ರ ಶಾಲು ಕೊಡ್ರಿ."

ನಾನು ಚಾಚಾಗೆ ಫೋನು ಹಚ್ಚಿ, ಮೊಬೈಲನ್ನು ಹಲಗೆಯ ಕಡೆ ಹಿಡಿದೆ. ಚಿಗವ್ವ ಹಿಟ್ಟಿನ ಮುದ್ದೆ ಇಟ್ಟು ಬಡಿಯತೊಡಗಿದಳು. ಭವನದ ತುಂಬ ಬಳೆಗಳ ಸದ್ದು. ನಡುವೆ ನಿಂತಳು, ಹಿಟ್ಟು ಉದುರಿಸಿದಳು, ಮತ್ತೆ ಬಡಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಜೋರಾಗಿಯೇ ಅಂದಳು: "ಹಾಂ. ಇದು ನೋಡು, ನಮ್ಮ ಗೋಡಿ ಸಪ್ಪಳ."

ಶಾಲು ಹೊದಿಸಿದರು. ಚಿಗವ್ವ ಬೇಡವೆನ್ನಲಿಲ್ಲ.

ನಾನು ಮೂಲೆಗೆ ಸರಿದು ಫೋನು ಕಿವಿಗಿಟ್ಟೆ. "ಕೇಳಿಸ್ತೇನ್ರಿ ಚಾಚಾ? ನಲವತ್ಮೂರು."

"ನಲವತ್ನಾಕು, ಬೇಟಾ," ಎಂದರು ಅವರು. ಹಿಂದೆ ಪಾತ್ರೆಗಳ ಸದ್ದು. "ಹಿಟ್ಟು ಉದರಸೂ ಮೊದಲ ಬೆರಳ ತುದೀಲೆ ಒಂದ್ಸಲ ಮೆಲ್ಲಕ ಮುಟ್ಟತಾರ. ಅಂಚು ಅಲ್ಲೇ ಕೂಡತೈತಿ. ನೀ ಅದನ್ನ ಎಣಿಸಿಲ್ಲ."

ಮರುದಿನ ಬೆಳಿಗ್ಗೆ ಒಲೆಯ ಹತ್ತಿರವೇ ಕೂತು ನೋಡಿದೆ. ಚಾಚಾ ಹೇಳಿದ್ದು ನಿಜ. ಇದ್ದೇ ಇತ್ತು ಆ ಒಂದು, ಪ್ರತಿ ರೊಟ್ಟಿಗೂ. ಚಿಗವ್ವನನ್ನು ಕೇಳಿದರೆ, ತನಗೇ ಗೊತ್ತಿಲ್ಲ ಎಂದಳು. ಡೈರಿಯ ಬಲಪುಟ ತೆಗೆದು, ಹಿಂದಿನ ವಾರ ಬರೆದ ಹತ್ತೂ ಲೆಕ್ಕಗಳಿಗೆ ಒಂದೊಂದು ಸೇರಿಸಿದೆ.