ಸೀರೆ ಎಟಕುವಷ್ಟು ಅಂಗಳ

ಹಳೆ ಸೀರೆಯ ಒಂದು ತುದಿ ಅಂಗಳದ ಕಂಬಕ್ಕೆ, ಇನ್ನೊಂದು ತುದಿ ಮೂರು ವರ್ಷದ ಮಗುವಿನ ಸೊಂಟಕ್ಕೆ. ವಿರೂಪಾಕ್ಷಿಪುರದ ಹತ್ತಿರ, ಗೆಳೆಯನ ಅಕ್ಕನ ಮನೆ ಅದು. "ಅಕ್ಕಾ, ಓಡಾಡಿ ಬೆಳೆಯೋ ವಯಸ್ಸು. ಕಟ್ಟಿ ಹಾಕೋದು ಯಾವ ನ್ಯಾಯ?" ಎಂದು ವಾದಕ್ಕಿಳಿದೆ.

ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದ ಅವರು ಕೈ ನಿಲ್ಲಿಸಲಿಲ್ಲ. "ಇವನ ಅಣ್ಣನ್ನ ಆಡ್ಕೋ ಅಂತ ಬುಟ್ಟಿದ್ದೆ ಕಣಪ್ಪ. ಹೊಂಡಕ್ಕೆ ಬಿದ್ದು ಹೋಗ್ಬುಟ್ಟ. ಹುಳ ಗೂಡು ಕಟ್ಟೋಗಂಟ ನಂಗೆ ಬಿಡುವಿಲ್ಲ, ಇವನ್ನ ಯಾರು ನೋಡ್ಕತಾರೆ?"

ಹಿತ್ತಲಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಇನ್ನೂ ಬೇಲಿ ಇರಲಿಲ್ಲ. ಕಟ್ಟಬೇಕಾದ್ದು ಮಗುವನ್ನಲ್ಲ, ಅಲ್ಲಿ ಬೇಲಿ ಎನಿಸಿತು. "ನಾನು ನೋಡ್ಕೋತೀನಿ" ಎಂದು ಗಂಟು ಬಿಚ್ಚಿದೆ.

ಬಿಚ್ಚಿದರೆ ಸಾಕು ಎಂದುಕೊಂಡಿದ್ದೆ. ಮಗು ಸೀರೆ ಎಟಕುತ್ತಿದ್ದಷ್ಟೇ ದೂರ ನಡೆದು ನಿಂತಿತು. ಆಚೆಯಿಂದ ಎಷ್ಟು ಕರೆದರೂ ಬರಲಿಲ್ಲ.